ವಿಮಾನಕ್ಕೂ ಗೋಪುರಕ್ಕೂ ನಡೆಯುವ ಮಾತು

1935ನೆಯ ಇಸವಿಯಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 30 ವಾಟಿನ ಪ್ರೇಷಕ ಯಂತ್ರವನ್ನಿಟ್ಟು ಬಾನುಲಿಯನ್ನು ಆರಂಭಿಸಿದರಷ್ಟೆ. ಅಂದಿನಿಂದ ನಾವು ಕೇಳುವುದನ್ನು ಕಲಿತೆವು. ಮರುಮಾತಾಡುವ ಹೊಣೆ ನಮಗೆ ಬರಲಿಲ್ಲ. ನಡುವೆ ಒಂದು ವಾಕ್ಯ ಗೊರಗೊರ ಸದ್ದಿನಲ್ಲಿ ಅಡಗಿ ಹೋದರೂ ನಮಗಾಗುವ ನಷ್ಟ ಅಲ್ಪ. ಆದರೆ ಅದೇ ವಿದ್ಯುದಲೆಗಳ ಮೇಲೆ ಇನ್ನೊಂದು ಬಗೆಯ ಸಂಭಾಷಣೆ ನಡೆಯುತ್ತಿರುವುದು. ಅಲ್ಲಿ ಒಂದು ಶಬ್ದ ತಪ್ಪಿದರೆ ಪ್ರಾಣಕ್ಕೆ ಎರವಾಗಬಹುದು. ಚಿಕ್ಕ ವಿಮಾನದ ಚಾಲಕನಿಗೂ ನಿಲ್ದಾಣದ ಗೋಪುರದಲ್ಲಿ ಕುಳಿತ ನಿಯಂತ್ರಕನಿಗೂ ನಡೆಯುವ ಆ ಮಾತನ್ನು ಕುರಿತು ಈ ಹೊತ್ತು ವಿಚಾರ ಮಾಡೋಣ.

ಉದಾಹರಣೆಗೆ ರಾಯಚೂರು ಸೀಮೆಯ ಭೂಪಟವನ್ನು ಮುಂದಿಟ್ಟುಕೊಳ್ಳುವೆವು. ಉತ್ತರದಲ್ಲಿ ಕಲಬುರಗಿಯ ವಿಮಾನ ನಿಲ್ದಾಣವುಂಟು. ಅದು 2019ರ ನವೆಂಬರ್ 22ರಂದು ಪ್ರಯಾಣಿಕರಿಗೆ ತೆರೆಯಿತು, ಬಳಿಕ ಅಲ್ಲಿಗೆ ವಿಮಾನ ನಡೆಸುವುದನ್ನು ಕಲಿಸುವ ಶಾಲೆಗಳೂ ಬಂದವು. ದಕ್ಷಿಣದಲ್ಲಿ ತೋರಣಗಲ್ಲಿನ ಹತ್ತಿರ ವಿದ್ಯಾನಗರದ ನಿಲ್ದಾಣವಿದೆ. ಇವೆರಡರ ನಡುವೆ ಗೆರೆಯೆಳೆದರೆ ಸುಮಾರು 240 ಕಿಲೋಮೀಟರು. ಆ ಗೆರೆ ಸಿಂಧನೂರಿನ ಪಕ್ಕದಲ್ಲಿಯೇ ಹಾಯುವುದು. ಮಸ್ಕಿಯೂ ಲಿಂಗಸುಗೂರೂ ಅದರ ಪಶ್ಚಿಮಕ್ಕೆ ಉಳಿಯುವುವು.

ವಿಮಾನದ ಮಾತು ಸಾಗುವ ಅಲೆಗಳು 118ರಿಂದ 137 ಮೆಗಾಹರ್ಟ್ಸಿನವು. ಮಧ್ಯಮ ತರಂಗಗಳು ನೆಲವನ್ನು ತಬ್ಬಿಕೊಂಡು ದೂರ ಹೋಗುತ್ತವೆ. ಕಿರುತರಂಗಗಳು ಮೇಲಣ ವಾಯುಸ್ತರಕ್ಕೆ ತಾಗಿ ಮರಳುತ್ತವೆ. ಈ ಅಲೆಗಳಾದರೋ ಹೆಚ್ಚುಕಡಿಮೆ ದೃಷ್ಟಿಯಂತೆ ನೆಟ್ಟಗೆ ಹೋಗತಕ್ಕವು. ಭೂಮಿ ಗುಂಡಗಿದೆ, ಗೋಪುರದ ದಿಗಂತದ ಕೆಳಗೆ ಇಳಿದ ವಿಮಾನಕ್ಕೆ ಮಾತು ಮುಟ್ಟದು. ನೆಲ ಸಮತಟ್ಟೆಂದೂ ಗೋಪುರದ ಎತ್ತರ 20 ಮೀಟರೆಂದೂ ಭಾವಿಸಿ, ಗಾಳಿಯು ಅಲೆಯನ್ನು ಕೊಂಚ ಬಾಗಿಸುವುದನ್ನೂ ಸೇರಿಸಿ ಲೆಕ್ಕ ಹಾಕಿದರೆ, ನೆಲದಿಂದ 1000 ಅಡಿ ಮೇಲಿರುವ ವಿಮಾನಕ್ಕೆ ಮಾತು ಸುಮಾರು 90 ಕಿಲೋಮೀಟರಿನವರೆಗೆ ದೊರೆಯುವುದು. ಲಿಂಗಸುಗೂರು ಕಲಬುರಗಿಯಿಂದ ನೇರ 136, ವಿದ್ಯಾನಗರದಿಂದ 110 ಕಿಲೋಮೀಟರು ದೂರ. ಆದ್ದರಿಂದ ಅದರ ಮೇಲೆ 1000 ಅಡಿಯಲ್ಲಿ ಹಾರುವವನಿಗೆ ಎರಡು ಗೋಪುರಗಳೂ ಮೂಕವೇ. ಮಸ್ಕಿಯಲ್ಲಿ ದಕ್ಷಿಣದ ಗೋಪುರ ಅಂಚಿನಲ್ಲಿ ಕೇಳಬಹುದು; ಸಿಂಧನೂರಿನ ಗದ್ದೆಗಳ ಮೇಲೆ ಸ್ಪಷ್ಟವಾಗಿ ಕೇಳೀತು. ಲಿಂಗಸುಗೂರಿನವನು 3000 ಅಡಿಗೆ ಏರಿದರೆ 140 ಕಿಲೋಮೀಟರು ದೊರೆತು, ಕಲಬುರಗಿಯ ಧ್ವನಿ ಮತ್ತೆ ಕಿವಿಗೆ ಬೀಳುವುದು.

ಅನುಭವಸ್ಥನು ಎತ್ತರದಲ್ಲಿಯೇ ಹೋಗುವನು, ನಿಜ. ಆದರೆ ಮುಂಗಾರಿನ ದಿನ ಮೋಡ ಕೆಳಗಿಳಿದು ಬಂದಿತೆನ್ನಿ. ಒಬ್ಬನೇ ಹಾರುತ್ತಿರುವ ಕಲಿಕೆಯವನು ನೆಲ ಕಾಣಲೆಂದು ತಾನೂ ಕೆಳಗಿಳಿಯುವನು. ಸಲಹೆ ಬೇಕಾದ ಆ ಗಳಿಗೆಯಲ್ಲಿಯೇ ಸಲಹೆ ಕೊಡುವವರ ಧ್ವನಿ ನಿಂತುಹೋಗುವುದು. ಯಂತ್ರ ಕೆಟ್ಟಿತೆಂದು ಅವನು ಗುಂಡಿಗಳನ್ನು ತಿರುವುತ್ತ ಕುಳಿತರೆ ವಿಮಾನ ನಡೆಸುವುದು ಯಾರು? ಮೊದಲು ವಿಮಾನ, ಆಮೇಲೆ ದಾರಿ, ಕೊನೆಗೆ ಮಾತು ಎಂದು ಶಿಕ್ಷಕರು ಬಾಯಿಪಾಠ ಮಾಡಿಸುವುದು ಇದಕ್ಕಾಗಿಯೇ.

ಇನ್ನು ಧ್ವನಿ ಮುಟ್ಟಿದ ಮಾತ್ರಕ್ಕೆ ಕಷ್ಟ ತೀರಿತೆನ್ನುವಂತಿಲ್ಲ. ಒಂದು ನಿಲ್ದಾಣದ ಸುತ್ತಲಿನವರೆಲ್ಲ ಸಾಮಾನ್ಯವಾಗಿ ಒಂದೇ ಅಲೆಯ ಮೇಲೆ ಮಾತಾಡಬೇಕು. ಗುಂಡಿಯೊತ್ತಿ ಮಾತಾಡುವವನಿಗೆ ಆಗ ಪರರ ಮಾತು ಕೇಳಿಸದು. ಇಬ್ಬರು ಒಟ್ಟಿಗೆ ಒತ್ತಿದರೆ ಕೇಳುವವರಿಗೆ ಒಂದು ಸಿಳ್ಳು ಮಾತ್ರ. ರಾತ್ರಿಯ ಹೊತ್ತು ಮಧ್ಯಮ ತರಂಗದಲ್ಲಿ ಎರಡು ಕೇಂದ್ರಗಳು ಒಂದರ ಮೇಲೊಂದು ಬಿದ್ದಾಗ ನಾವು ಕೇಳುವ ಸಿಳ್ಳೂ ಇದೇ ಜಾತಿಯದು. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದಲ್ಲಿ ಮಂಜು ಕವಿದ ಓಟದಾರಿಯ ಮೇಲೆ ಎರಡು ದೊಡ್ಡ ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಸತ್ತರು. ಗೋಪುರದ 'ತಾಳು' ಎಂಬ ಮಾತೂ, 'ನಾವಿನ್ನೂ ದಾರಿಯ ಮೇಲಿದ್ದೇವೆ' ಎಂಬ ಎದುರಿನವರ ಮಾತೂ ಒಟ್ಟಿಗೆ ಹೊರಟು, ಕೇಳಬೇಕಾದವರಿಗೆ ಸಿಳ್ಳಿನಲ್ಲಿ ಮುಚ್ಚಿಹೋದುವು. ಅಷ್ಟು ದೊಡ್ಡ ವಿಮಾನಗಳಿಗೇ ಈ ಗತಿ. ಚಿಕ್ಕ ವಿಮಾನದಲ್ಲಿ ಒಬ್ಬನೇ ಕೇಳುವವನು, ಅವನೇ ಬರೆದುಕೊಳ್ಳುವವನು, ಅವನೇ ನಡೆಸುವವನು. ಕಿವಿಯ ಪಕ್ಕದಲ್ಲಿ ಎಂಜಿನಿನ ಅಬ್ಬರ ಬೇರೆ.

ತಪ್ಪಾಗಿ ಕೇಳುವುದೆಂದರೇನೆಂಬುದನ್ನು ಸಿಂಧನೂರಿನ ಅಕ್ಕಿ ವ್ಯಾಪಾರಿಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ. ಟೆಲಿಫೋನಿನಲ್ಲಿ 'ಇಪ್ಪತ್ತು ಚೀಲ' ಎಂದದ್ದು 'ಎಪ್ಪತ್ತು ಚೀಲ'ವಾಗಿ ಕೇಳಿದರೆ ಲಾರಿಯ ಬಾಡಿಗೆಯೇ ಬೇರೆಯಾಗುವುದಲ್ಲವೆ? ಇಂಗ್ಲಿಷಿನಲ್ಲಿ 'ಫೈವ್', 'ನೈನ್'ಗಳಿಗೂ ಅದೇ ತೊಡಕು. ಅದಕ್ಕಾಗಿ ವೈಮಾನಿಕರು 'ಫೈಫ್', 'ನೈನರ್' ಎನ್ನುವರು. ಬಿ, ಡಿ, ಪಿ ಅಕ್ಷರಗಳು ಒಂದೇ ತೆರನಾಗಿ ಕೇಳುವುದರಿಂದ ಬ್ರಾವೋ, ಡೆಲ್ಟಾ, ಪಾಪಾ ಎಂಬ ಹೆಸರುಗಳು ಬಂದುವು. ನಮ್ಮ ದೇಶದ ವಿಮಾನಗಳ ಗುರುತು ವಿ.ಟಿ. ಎಂದು ಮೊದಲಾಗಿ ಮೂರು ಅಕ್ಷರಗಳಿಂದ ಮುಗಿಯುವುದು. ಒಂದೇ ಶಾಲೆಯ ಎರಡು ವಿಮಾನಗಳಿಗೆ ಒಂದಕ್ಷರವಷ್ಟೇ ಭೇದವಿದ್ದರೆ, ಒಬ್ಬನಿಗೆ ಕೊಟ್ಟ ಅಪ್ಪಣೆಯನ್ನು ಇನ್ನೊಬ್ಬನು ಪಾಲಿಸುವ ಭಯವಿದ್ದೇ ಇದೆ.

ಮಸ್ಕಿಯ ಬಂಡೆಯ ಮೇಲೆ ಕೆತ್ತಿದ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದಿತು; ಎರಡು ಸಾವಿರ ವರ್ಷಗಳ ಮೇಲೂ ಅದನ್ನು ಓದಲಾಯಿತು, ಅರಸನ ಹೆಸರೂ ಅದರಿಂದ ಖಚಿತವಾಯಿತು. ಗೋಪುರದ ಅಪ್ಪಣೆಗೆ ಆ ಅನುಕೂಲವಿಲ್ಲ, ಆಡಿದೊಡನೆ ಅಳಿಯುವುದು. ಆದಕಾರಣ ಮುಖ್ಯವಾದ ಅಪ್ಪಣೆಯನ್ನು ಚಾಲಕನು ಅಕ್ಷರಶಃ ತಿರುಗಿ ಹೇಳಬೇಕು, ನಿಯಂತ್ರಕನು ಅದನ್ನು ಕೇಳಿ ತಾಳೆ ನೋಡಬೇಕು. ಬರಿದೆ 'ಆಗಲಿ' ಎನ್ನುವುದು ಅಲ್ಲಿ ಉತ್ತರವೆನಿಸದು. ನಮ್ಮ ಕಚೇರಿಗಳಲ್ಲಿಯೂ ಈ ಪದ್ಧತಿ ಇದ್ದಿದ್ದರೆ ಎಷ್ಟೋ ಅರ್ಜಿಗಳು ದಾರಿ ತಪ್ಪುತ್ತಿರಲಿಲ್ಲವೆಂದು ನಮಗನಿಸುವುದುಂಟು.

ಯಂತ್ರವೇ ಕೆಟ್ಟರೆ? ಚಾಲಕನು ರಾಡಾರಿಗೆ ಉತ್ತರ ಕೊಡುವ ಉಪಕರಣದಲ್ಲಿ 7600 ಎಂಬ ಅಂಕಿಯನ್ನಿಡುವನು. ರಾಡಾರಿರುವಲ್ಲಿ ಅದನ್ನು ಕಂಡವರು ಇವನಿಗೆ ಮಾತಿಲ್ಲವೆಂದು ತಿಳಿಯುವರು. ಬಳಿಕ ನಿಲ್ದಾಣದ ಹತ್ತಿರ ಬಂದು ಗೋಪುರದ ಕಡೆ ನೋಡುವನು. ಅಲ್ಲಿಂದ ಅವನಿಗೆ ದೀಪ ತೋರಿಸುವರು. ಮಿನುಗದೆ ನಿಂತ ಹಸಿರು ಬಂದರೆ ಇಳಿಯಬಹುದು. ನಿಂತ ಕೆಂಪಾದರೆ ಇತರರಿಗೆ ದಾರಿಬಿಟ್ಟು ಸುತ್ತುತ್ತಿರಬೇಕು. ಮಿನುಗುವ ಕೆಂಪಾದರೆ ನಿಲ್ದಾಣ ಅಪಾಯಕರ, ಇಳಿಯಕೂಡದು. ಕಂಡೆನೆಂದು ತಿಳಿಸಲು ಹಗಲಿನಲ್ಲಿ ಅವನು ವಿಮಾನದ ರೆಕ್ಕೆಗಳನ್ನು ಅತ್ತಿತ್ತ ಓಲಾಡಿಸುವನು. ರಾತ್ರಿಯಾದರೆ ತನ್ನ ದೀಪವನ್ನು ಎರಡು ಸಲ ಮಿನುಗಿಸುವನು.