ಗಂಟೆ ತಪ್ಪಿತೋ, ಮೇಳ ಕೆಟ್ಟಿತು!

ಏಳೇ ಏಳು ಪೆಟ್ಟು. ಘಾನಾ ದೇಶದ ವೋಲ್ಟಾ ಪ್ರಾಂತ್ಯದ ಎವೆ ಜನರ ಮೇಳದಲ್ಲಿ ಗಂಟೆ ಹಿಡಿದವನ ಕೆಲಸ ಇಷ್ಟೇ. ಪಕ್ಕದಲ್ಲಿ ದೊಡ್ಡ ಡೋಲು ಗುಡುಗಲಿ, ಕುಣಿಯೋರು ಮೈಮರೆಯಲಿ, ಇವನು ಮಾತ್ರ ಅದನ್ನೇ ಬಡೀತಾ ಇರಬೇಕು. ಸುಲಭದ ಕೂಲಿ ಅಂದುಕೊಂಡವರು ಒಮ್ಮೆ ಕೂತು ನೋಡಲಿ!

ಇದು ನಮ್ಮ ಗುಡಿಯ ಗಂಟೆಯಂಥದ್ದಲ್ಲ, ಒಳಗೆ ನಾಲಿಗೆ ಇಲ್ಲ. ಕಬ್ಬಿಣದ ಎರಡು ಗಂಟೆ, ದೊಡ್ಡದೊಂದು ಚಿಕ್ಕದೊಂದು, ಅಂಟಿಕೊಂಡಿರುತ್ತವೆ. ಕೋಲಿನಿಂದ ಬಡಿಯೋದು. ಹೆಸರು ಗಂಕೋಗುಯಿ.

ಲೆಕ್ಕ ಹೀಗಿದೆ. ಒಂದರಿಂದ ಹನ್ನೆರಡು ಎಣಿಸಿ. 1, 3, 5, 6, 8, 10, 12 ಬಂದಾಗ ಗಲ್ಲಾಪೆಟ್ಟಿಗೆಯ ಮೇಲೆ ತಟ್ಟಿ, ನಿಲ್ಲದೆ ಮತ್ತೆ ಒಂದಕ್ಕೆ ಬನ್ನಿ. ಇಲ್ಲಿವರೆಗೆ ಯಾರಾದರೂ ಮಾಡಿಯಾರು. ಈಗ 1, 4, 7, 10ಕ್ಕೆ ಕಾಲು ಹಾಕಿ. ಏಳು ಪೆಟ್ಟಿನಲ್ಲಿ ಕಾಲಿನ ಜೊತೆ ಕೂಡೋದು ಎರಡೇ, 1 ಮತ್ತು 10. ಮಿಕ್ಕ ಐದೂ ಅಡ್ಡಡ್ಡ! ಹೊಸಬರು ಸೋಲೋದು ಇಲ್ಲೇ. ಕಾಲು ತನ್ನ ಲೆಕ್ಕ ಬಿಟ್ಟು ಕೈಯ ಹಿಂದೆ ಓಡಿಬಿಡುತ್ತೆ.

ಅದಕ್ಕೇ ಮೊದಲು ಎರಡಕ್ಕೆ ಮೂರರ ಪಾಠ ಮಾಡಿಕೊಳ್ಳೋದು ಒಳ್ಳೇದು. ಆರು ಎಣಿಸಿ, ಬಲಗೈ 1, 4ಕ್ಕೆ, ಎಡಗೈ 1, 3, 5ಕ್ಕೆ. ನಿಧಾನವಾಗಿ. ಅವಸರ ಮಾಡಿದವನು ಕೆಟ್ಟ.

ಕಗನ್, ಕಿದಿ, ಸೊಗೊ ಅಂತ ಡೋಲುಗಳು ಒಂದಕ್ಕಿಂತ ಒಂದು ದೊಡ್ಡವು. ಎಲ್ಲರೂ ತಮ್ಮ ಪೆಟ್ಟನ್ನು ಅಳೆಯೋದು ಗಂಟೆಯ ಮೇಲೆಯೇ. ಅವನು ಒಂದು ಪೆಟ್ಟು ನುಂಗಿದರೆ ತಕ್ಕಡಿಯ ಮುಳ್ಳು ತಪ್ಪಿದ ಹಾಗೆ, ಆಮೇಲೆ ತೂಗಿದ್ದೆಲ್ಲ ಸುಳ್ಳು.

ಎ.ಎಂ. ಜೋನ್ಸ್ ಎಂಬ ಇಂಗ್ಲಿಷ್ ಪಾದ್ರಿ ಈ ಪೆಟ್ಟುಗಳನ್ನು ಕಾಗದದ ಮೇಲೆ ಹಿಡಿಯೋಕೆ ಯಂತ್ರವನ್ನೇ ಮಾಡಿಸಿದ. ಎವೆ ವಾದಕ ಡೆಸ್ಮಂಡ್ ಟೇ ಜೊತೆ ಕೂತು ಲೆಕ್ಕ ಬರೆದು 1959ರಲ್ಲಿ ಪುಸ್ತಕ ತಂದ. ಒಬ್ಬೊಬ್ಬರ ತಾಳ ಒಂದೊಂದು ಕಡೆ ಶುರುವಾಗುತ್ತೆ ಅನ್ನೋದು ಅವನ ವಾದ. ಎವೆಯವರೇ ಆದ ವಿದ್ವಾಂಸ ಕೋಫಿ ಅಗಾವು ಇದನ್ನು ಒಪ್ಪಲಿಲ್ಲ. ಕುಣಿಯೋರ ಕಾಲು ನೋಡಿ, ತಾಳ ಎಲ್ಲರಿಗೂ ಒಂದೇ ಅನ್ನೋದು ಅವರ ಕಡೆಯ ಮಾತು. ಪಾದ್ರಿ ಕಿವಿ ಕೊಟ್ಟ, ಕಾಲು ನೋಡಲಿಲ್ಲ ಅನ್ನಬೇಕೇನೋ!

ಈ ಏಳು ಪೆಟ್ಟು ಹಡಗನ್ನೂ ಹತ್ತಿತು. ಸಂಕೋಲೆ ಹಾಕಿ ಒಯ್ದವರ ಜೊತೆ ಕಡಲು ದಾಟಿತು. ಅಮೆರಿಕದ ಸೌತ್ ಕೆರೊಲಿನಾದಲ್ಲಿ 1739ರಲ್ಲಿ ಗುಲಾಮರು ದಂಗೆ ಎದ್ದರು. 1740ರ ಕಾಯಿದೆ ಅವರ ಡೋಲಿಗೇ ಬೀಗ ಹಾಕಿತು. ಆದರೆ ಕ್ಯೂಬಾದಲ್ಲಿ ಈ ಪೆಟ್ಟು ಉಳಿಯಿತು. ಗಂಟೆ ಇಲ್ಲದಿದ್ದರೇನು? ಹೊಲದ ಗುದ್ದಲಿಯ ಅಲಗನ್ನೇ ಕಳಚಿ ಬಡಿದರು. ಹಗಲು ಯಜಮಾನನ ಕಬ್ಬಿಗೆ, ರಾತ್ರಿ ದೇವರಿಗೆ, ಗುದ್ದಲಿ ಅದೇ!

ನಮ್ಮ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿಗಳ ಪೂರ್ವಿಕರೂ ಆಫ್ರಿಕದವರೇ. ಪೋರ್ಚುಗೀಸರು ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಕಾಡು ಸೇರಿದವರೂ ಇದ್ದರು. ಸರ್ಕಾರ ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ, ಅಷ್ಟು ತಡ. ಹಳೇ ಮಾತು ಹೋಗಿ ಕೊಂಕಣಿ, ಕನ್ನಡ ಬಂತು. ಧಮಾಮಿ ಡೋಲು ಉಳಿದಿದೆ. ಹಾಗಂತ ಧಮಾಮಿಯಲ್ಲಿ ಎವೆ ಗಂಟೆ ಹುಡುಕಬಾರದು. ಹಲಗೆಯನ್ನೂ ಚೆಂಡೆಯನ್ನೂ ಒಂದೇ ಅಂದ ಹಾಗಾದೀತು. ಘಾನಾ ಇರೋದು ಪಶ್ಚಿಮದ ಕಡಲಿಗೆ. ಸಿದ್ದಿಗಳ ಬೇರು ಹುಡುಕೋರು ಪೂರ್ವದ ಮೊಜಾಂಬಿಕ್ ಕಡೆ ಹೋಗಬೇಕು.