ಇಂಧನದ ತಿದ್ದುಪಡಿಯೂ ಆಕ್ಸಿಜನ್ ಸೆನ್ಸರಿನ ಸಾಕ್ಷ್ಯವೂ

ಮೋಟಾರು ಬಂಡಿಯ ಮೈಲೇಜು ಕುಗ್ಗಿತೆಂದರೆ ಮೊದಲು ಆಕ್ಸಿಜನ್ ಸೆನ್ಸರನ್ನು ಬದಲಾಯಿಸುವುದು ಅನೇಕ ಕಡೆಗಳಲ್ಲಿ ರೂಢಿಯಾಗಿದೆ. ಬೆಲೆಯುಳ್ಳ ಆ ಉಪಕರಣವನ್ನು ಬದಲಾಯಿಸಿದ ಮೇಲೂ ಪೆಟ್ರೋಲಿನ ವೆಚ್ಚ ಹಿಂದಿನಂತೆಯೇ ನಿಲ್ಲುವುದುಂಟು. ಇದಕ್ಕೆ ಕಾರಣವೇನೆಂದು ಪರ್ಯಾಲೋಚಿಸಿದರೆ, ತಪ್ಪು ಬಹುಮಟ್ಟಿಗೆ ಆ ಉಪಕರಣದ ಮಾತನ್ನು ಅರ್ಥಮಾಡುವ ಕ್ರಮದಲ್ಲಿಯೇ ಇರುವುದೆಂದು ವಿಶದವಾಗುವುದು. ಸೆನ್ಸರು ಹೇಳುವುದು ಆಮ್ಲಜನಕದ ಸಮಾಚಾರವನ್ನು. ಕೇಳುವವರು ಅದನ್ನು ಪೆಟ್ರೋಲಿನ ಸಮಾಚಾರವೆಂದು ಗ್ರಹಿಸುತ್ತಾರೆ.

ಒಂದು ತೂಕ ಪೆಟ್ರೋಲು ಸಂಪೂರ್ಣವಾಗಿ ಉರಿಯಬೇಕಾದರೆ ಸುಮಾರು 14.7 ತೂಕ ಗಾಳಿ ಬೇಕು. ಗಾಳಿ ಇದಕ್ಕೆ ಮೀರಿದರೆ ಮಿಶ್ರಣವು ತೆಳುವೆನಿಸುವುದು. ಪೆಟ್ರೋಲು ಮೀರಿದರೆ ಗಾಢವೆನಿಸುವುದು. ಹೊಗೆಯ ವಿಷಾಂಶಗಳನ್ನು ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರು ಈ ಪ್ರಮಾಣದ ಆಸುಪಾಸಿನಲ್ಲಿ ಮಾತ್ರ ಚೆನ್ನಾಗಿ ಕೆಲಸಮಾಡುವುದರಿಂದ ಮಿಶ್ರಣವನ್ನು ಕ್ಷಣಕ್ಷಣಕ್ಕೂ ಸರಿಪಡಿಸುವ ಏರ್ಪಾಡು ಅವಶ್ಯವಾಯಿತು. ಇದಕ್ಕಾಗಿ ಜರ್ಮನಿಯ ಬಾಷ್ ಸಂಸ್ಥೆಯವರು ನಿರ್ಮಿಸಿದ ಸೆನ್ಸರು 1976ರಲ್ಲಿ, ಅಮೆರಿಕಕ್ಕೆ ಕಳುಹಿಸುವ ವೋಲ್ವೋ ಕಾರುಗಳಲ್ಲಿ ಮೊದಲು ಬಳಕೆಗೆ ಬಂದಿತು. ಆದರೆ ಅದರ ಮೂಲತತ್ತ್ವವು ಹಳೆಯದು. ವಾಲ್ಟರ್ ನೆರ್ನ್‌ಸ್ಟನು 1889ರಲ್ಲಿ ಪ್ರಕಟಿಸಿದ ವಿದ್ಯುದ್ರಸಾಯನ ಸಮೀಕರಣವೇ ಅದಕ್ಕೆ ಆಧಾರ.

ಸಾಮಾನ್ಯವಾದ ಸೆನ್ಸರಿನ ಒಳಗೆ ಜರ್ಕೋನಿಯದ ಒಂದು ಪುಟ್ಟ ಗೊಟ್ಟವಿರುತ್ತದೆ. ಅದರ ಹೊರಮೈಗೆ ಎಂಜಿನಿನ ಹೊಗೆಯೂ ಒಳಮೈಗೆ ಹೊರಗಿನ ಗಾಳಿಯೂ ತಗಲುವುವು. ಸುಮಾರು 300 ಡಿಗ್ರಿ ಸೆಂಟಿಗ್ರೇಡಿಗೆ ಮೇಲ್ಪಟ್ಟು ಕಾದಾಗ, ಎರಡು ಕಡೆಯ ಆಮ್ಲಜನಕದ ವ್ಯತ್ಯಾಸಕ್ಕೆ ಅನುಸಾರವಾಗಿ ಅಲ್ಲಿ ವಿದ್ಯುದೊತ್ತಡ ಹುಟ್ಟುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿಯದಿದ್ದರೆ ಸುಮಾರು 0.9 ವೋಲ್ಟು, ಉಳಿದಿದ್ದರೆ ಸುಮಾರು 0.1 ವೋಲ್ಟು. ಬಂಡಿಯ ಗಣಕವು ಮೊದಲನೆಯದನ್ನು ಗಾಢವೆಂದೂ ಎರಡನೆಯದನ್ನು ತೆಳುವೆಂದೂ ಎಣಿಸಿ, ಇಂಜೆಕ್ಟರು ಚಿಮ್ಮುವ ಪೆಟ್ರೋಲನ್ನು ಇಳಿಸುತ್ತಲೂ ಏರಿಸುತ್ತಲೂ ಇರುವುದು. ಮೂಲ ಲೆಕ್ಕದ ಮೇಲೆ ಹೀಗೆ ಕೂಡಿಸಿದ ಅಥವಾ ಕಳೆದ ಶೇಕಡಾಂಶಕ್ಕೆ ಮೆಕ್ಯಾನಿಕ್ಕುಗಳು ಫ್ಯೂಯೆಲ್ ಟ್ರಿಮ್ ಎನ್ನುತ್ತಾರೆ. ಇಂಧನದ ತಿದ್ದುಪಡಿಯೆಂದರೆ ಇದೇ. ಕ್ಷಣಿಕವಾದುದು ಒಂದು, ಗಣಕವು ನೆನಪಿನಲ್ಲಿಟ್ಟುಕೊಂಡ ದೀರ್ಘಕಾಲದ್ದು ಇನ್ನೊಂದು. ಎರಡನ್ನೂ ಕೂಡಿಸಿಯೇ ನೋಡಬೇಕು. ಮೊತ್ತವು ಸೊನ್ನೆಯಿಂದ ಆಚೀಚೆಗೆ ಐದಾರು ಅಂಶಗಳಲ್ಲಿದ್ದರೆ ಆರೋಗ್ಯ. ಹತ್ತನ್ನು ದಾಟಿ ನಿಂತರೆ ವಿಚಾರಣೆಗೆ ಕಾರಣವುಂಟು. ಇನ್ನೂ ಮೀರಿದರೆ ಪಿ 0171 ಎಂಬ ತೆಳುವಿನ ಸಂಕೇತವೋ ಪಿ 0172 ಎಂಬ ಗಾಢದ ಸಂಕೇತವೋ ದಾಖಲಾಗಿ ದೀಪ ಹೊತ್ತಿಕೊಳ್ಳುವುದು.

ಇಲ್ಲಿ ಒಂದು ಸೂಕ್ಷ್ಮವಿದೆ. ತಿದ್ದುಪಡಿಯ ಅಂಕಿ ದೊಡ್ಡದಾದ ಮಾತ್ರಕ್ಕೆ ಪೆಟ್ರೋಲು ಪೋಲಾಗುತ್ತಿದೆಯೆಂದು ಅರ್ಥವಲ್ಲ. ಎಂಜಿನಿಗೆ ಲೆಕ್ಕಕ್ಕೆ ಸಿಕ್ಕದ ಗಾಳಿ ನಿಜವಾಗಿಯೂ ನುಗ್ಗುತ್ತಿದ್ದು, ಗಣಕವು ಶೇಕಡ 15ರಷ್ಟು ಪೆಟ್ರೋಲನ್ನು ಕೂಡಿಸಿದರೆ, ಮಿಶ್ರಣವು ಇರಬೇಕಾದ ಸ್ಥಾನಕ್ಕೇ ಮರಳುವುದು. ಪೋಲಾಗುವುದು ಸಾಕ್ಷ್ಯವು ಸುಳ್ಳಾದಾಗ. ಹೊಗೆಕೊಳವೆಯಲ್ಲಿ ಸೆನ್ಸರಿಗೆ ಮುಂಚೆ ಒಂದು ಬಿರುಕಿದೆಯೆನ್ನೋಣ. ಹೊಗೆ ಅಲೆಅಲೆಯಾಗಿ ಹೊರಡುವುದರಿಂದ ಅಲೆಗಳ ನಡುವೆ ಕೊಳವೆಯ ಒತ್ತಡ ತಗ್ಗಿ ಹೊರಗಿನ ಗಾಳಿ ಒಳಕ್ಕೆ ಸೇದಲ್ಪಡುತ್ತದೆ. ಸೆನ್ಸರು ಆ ಆಮ್ಲಜನಕವನ್ನು ಕಂಡು ತೆಳುವೆನ್ನುವುದು; ಗಣಕವು ಬೇಡದ ಪೆಟ್ರೋಲನ್ನು ಸುರಿಯುವುದು. ಸ್ಪಾರ್ಕ್ ಪ್ಲಗ್ಗು ಕೆಟ್ಟು ಒಂದು ಸಿಲಿಂಡರು ಉರಿಯದೆ ಹೋದಾಗಲೂ ಹೀಗೆಯೇ. ಅದರ ಪೆಟ್ರೋಲು, ಗಾಳಿ ಎರಡೂ ಹಾಗೆಯೇ ಹೊರಬಿದ್ದರೂ ಸೆನ್ಸರಿಗೆ ಕಾಣುವುದು ಆಮ್ಲಜನಕವೊಂದೇ. ಪೆಟ್ರೋಲು ವ್ಯರ್ಥವಾಗುತ್ತಿರುವಾಗಲೇ ಇನ್ನಷ್ಟು ಪೆಟ್ರೋಲಿಗೆ ಆಜ್ಞೆಯಾಗುವುದು!

ಹಸ್ತಪ್ರತಿಗಳನ್ನು ಪರಿಶೋಧಿಸುವವರಿಗೆ ಈ ಪರಿಸ್ಥಿತಿ ಹೊಸದಲ್ಲ. ಮುಂದಿದ್ದ ಓಲೆಯೇ ಕೆಟ್ಟಿರುವಾಗ ಅದನ್ನು ಇದ್ದಂತೆ ಬರೆದ ಲಿಪಿಕಾರನನ್ನು ದೂರಿ ಪಾಠವು ಶುದ್ಧವಾಗದು.

ಆದುದರಿಂದ ಸಾಕ್ಷ್ಯವನ್ನು ಬೇರೆಬೇರೆ ಸಂದರ್ಭಗಳಲ್ಲಿ ತೆಗೆದುಕೊಂಡು ತಾಳೆನೋಡಬೇಕು. ಎಂಜಿನು ಚೆನ್ನಾಗಿ ಕಾದಮೇಲೆ, ನಿಂತಲ್ಲಿಯೇ ಮೆಲ್ಲಗೆ ತಿರುಗುವಾಗ ಒಮ್ಮೆ, ನಿಮಿಷಕ್ಕೆ 2500 ಸುತ್ತುಗಳಲ್ಲಿ ಒಮ್ಮೆ, ಭಾರ ಹೊತ್ತು ಓಡುವಾಗ ಮತ್ತೊಮ್ಮೆ ತಿದ್ದುಪಡಿಯನ್ನು ಓದುವುದು ವಿಹಿತ. ಮೆಲ್ಲಗೆ ತಿರುಗುವಾಗ 20ರಷ್ಟಿದ್ದ ಅಂಕಿ ವೇಗದಲ್ಲಿ ನಾಲ್ಕೈದಕ್ಕೆ ಇಳಿದರೆ ಗಾಳಿಯ ಸೋರಿಕೆಯನ್ನು ಸಂದೇಹಿಸಬಹುದು. ಸೋರುವ ಗಾಳಿ ಹೆಚ್ಚು ಬದಲಾಗದೆ ಎಂಜಿನು ಕುಡಿಯುವ ಒಟ್ಟು ಗಾಳಿ ಹೆಚ್ಚುವುದರಿಂದ ಅದರ ಪಾಲು ಕಿರಿದಾಗುವುದು. (ಗಾಳಿಯ ತೂಕವನ್ನು ನೇರವಾಗಿ ಅಳೆಯದೆ ಒತ್ತಡದಿಂದ ಊಹಿಸುವ ಬಂಡಿಗಳಲ್ಲಿ ಈ ಲಕ್ಷಣ ಇಷ್ಟು ನಿಚ್ಚಳವಾಗಿ ಕಾಣದು.) ತದ್ವಿರುದ್ಧವಾಗಿ, ಮೆಲ್ಲಗಿರುವಾಗ ನೆಟ್ಟಗಿದ್ದು ಭಾರದೊಡನೆ ಅಂಕಿ ಏರಿದರೆ ದುರ್ಬಲವಾದ ಪೆಟ್ರೋಲ್ ಪಂಪನ್ನೋ ಕಟ್ಟಿದ ಫಿಲ್ಟರನ್ನೋ ಕೊಳೆಹಿಡಿದ ಗಾಳಿಮಾಪಕವನ್ನೋ ನೋಡತಕ್ಕದ್ದು. ಅಂಕಿ ಸೊನ್ನೆಯ ಕೆಳಗಿಳಿದರೆ ತೊಟ್ಟಿಕ್ಕುವ ಇಂಜೆಕ್ಟರು, ಮುಚ್ಚದೆ ನಿಂತ ಆವಿಯ ಕವಾಟ ಮೊದಲಾದುವು ಕಾರಣ.

ಇಷ್ಟಾದ ಮೇಲೆ ಸೆನ್ಸರಿನ ಸರದಿ. ಗಾಳಿ ಒಳಸೇರುವ ಮಾರ್ಗದಲ್ಲಿ ತುಸು ಪ್ರೊಪೇನ್ ಅನಿಲವನ್ನು ಬಿಟ್ಟರೆ ವೋಲ್ಟೇಜು ತಟ್ಟನೆ 0.9ರ ಹತ್ತಿರಕ್ಕೆ ನೆಗೆಯಬೇಕು. ಅದನ್ನು ನಿಲ್ಲಿಸಿ ಒಂದು ನಿರ್ವಾತ ಕೊಳವೆಯನ್ನು ಕಳಚಿದರೆ 0.1ಕ್ಕೆ ಬೀಳಬೇಕು. ಎರಡೂ ಚುರುಕಾಗಿ ನಡೆದರೆ ಸೆನ್ಸರು ಕೆಲಸಮಾಡುತ್ತಿದೆ. ಅದು ಹೇಳಿದ ದೋಷಕ್ಕೆ ಬೇರೆಡೆ ಹುಡುಕಬೇಕು. ತಡವರಿಸಿದರೆ ಮಾತ್ರ ಅದನ್ನು ಬದಲಾಯಿಸುವುದು ನ್ಯಾಯ. ವಯಸ್ಸಲ್ಲದೆ, ಎಂಜಿನಿನ ಸಂದುಗಳಿಗೆ ಬಳಿಯುವ ಕೆಲವು ಸಿಲಿಕೋನ್ ಅಂಟುಗಳ ಆವಿಯೂ ಸೆನ್ಸರನ್ನು ಕೆಡಿಸುವುದು. ಹಿಂದೆ ಪೆಟ್ರೋಲಿಗೆ ಬೆರಸುತ್ತಿದ್ದ ಸೀಸವೂ ಅಂಥದೇ ವಿಷ. ಭಾರತದಲ್ಲಿ ಅದು 2000ದ ಫೆಬ್ರುವರಿಯಿಂದ ನಿಂತಿತು. ಈಚಿನ ಅನೇಕ ಬಂಡಿಗಳ ಸೆನ್ಸರುಗಳು ವಿದ್ಯುತ್ಪ್ರವಾಹದ ಮೂಲಕ ಪ್ರಮಾಣವನ್ನೇ ತಿಳಿಸುವುದರಿಂದ ಅವಕ್ಕೆ ಈ ವೋಲ್ಟೇಜುಗಳು ಸಲ್ಲುವುದಿಲ್ಲ.

ತಿದ್ದುಪಡಿಯು ಮೌನವಾಗಿರುವಾಗಲೂ ಮೈಲೇಜು ಸೋರಬಹುದು. ನೀರಿನ ಥರ್ಮೋಸ್ಟಾಟು ತೆರೆದೇ ನಿಂತರೆ ಎಂಜಿನು ಕಾಯುವುದು ತಡವಾಗಿ, ಚಳಿಯಲ್ಲಿದ್ದಂತೆ ಹೆಚ್ಚು ಪೆಟ್ರೋಲು ಕುಡಿಯುತ್ತಲೇ ಇರುತ್ತದೆ. ಬಿಗಿದ ಬ್ರೇಕು, ಗಾಳಿಯಿಳಿದ ಟೈರು ಇವುಗಳ ಸುದ್ದಿ ಸೆನ್ಸರಿಗೆ ತಲಪುವುದೇ ಇಲ್ಲ.

ಇನ್ನು ಇಂಧನವೇ ಬದಲಾದಾಗ. ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟ ಭಾರತದಲ್ಲಿ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ವಿಧ್ಯುಕ್ತವಾಗಿ ಆರಂಭವಾಯಿತು. ಎಥೆನಾಲಿನಲ್ಲಿ ಆಮ್ಲಜನಕವು ಮೊದಲೇ ಸೇರಿರುವುದರಿಂದ ಒಂದು ತೂಕ ಎಥೆನಾಲಿಗೆ 9 ತೂಕ ಗಾಳಿ ಸಾಕು. ಈ ಮಿಶ್ರಣಕ್ಕೆ ಸುಮಾರು 13.5. ಹೀಗಾಗಿ ಶುದ್ಧ ಪೆಟ್ರೋಲಿನ ಲೆಕ್ಕದಲ್ಲಿ ನಡೆಯುವ ಹಳೆಯ ಬಂಡಿಯಲ್ಲಿ ತಿದ್ದುಪಡಿಯು ಶೇಕಡ ಎಂಟೊಂಬತ್ತು ಏರಿ ನಿಂತರೆ, ಅದು ಸೆನ್ಸರು ಆಡಿದ ನಿಜ. ಲೀಟರೊಂದಕ್ಕೆ ಎಥೆನಾಲಿನ ಶಕ್ತಿ ಪೆಟ್ರೋಲಿನದರ ಮೂರರಲ್ಲಿ ಎರಡು ಪಾಲು ಮಾತ್ರವಾದುದರಿಂದ ಈ ಮಿಶ್ರಣದ ಶಕ್ತಿ ಶೇಕಡ ಆರೇಳು ಕಡಮೆ. ಅಷ್ಟು ಮೈಲೇಜಿನ ಕೊರತೆಗೆ ಯಾವ ಬಿಡಿಭಾಗವನ್ನು ಬದಲಾಯಿಸಿದರೂ ಪ್ರಯೋಜನವಾಗದು.