ಗುಡ್ಡಕ್ಕೆ ಸುರಿದ ವಿಷ, ಕಣಿವೆಗೆ ಇಳಿದ ನೀರು

ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿಯಂಚಿಗೆ ಎಣ್ಮಕಜೆ ಎಂಬ ಪಂಚಾಯತಿ ಇದೆ. ಕನ್ನಡ, ತುಳು ಮಾತುಗಳು ಮನೆಮನೆಯಲ್ಲಿ ಕೇಳಿಬರುವ ಪಡ್ರೆ, ಸ್ವರ್ಗ ಮೊದಲಾದ ಊರುಗಳು ಅದರ ಮಡಿಲಲ್ಲಿವೆ. ಮೇಲೆ ಮುರಕಲ್ಲಿನ ಗುಡ್ಡಗಳು. ಕೆಳಗೆ ಅಡಕೆತೋಟಗಳು, ಮನೆಗಳು. ಗುಡ್ಡದ ಒಡಲನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳೇ ಅಲ್ಲಿನ ಅನೇಕ ಕುಟುಂಬಗಳ ಜೀವನಾಡಿ.

ಆ ಜಿಲ್ಲೆಯ ಗುಡ್ಡಗಳ ನೆತ್ತಿಯ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಸುಮಾರು 4,600 ಹೆಕ್ಟೇರ್ ಗೇರುತೋಟವನ್ನು ಬೆಳೆಸಿತು. ಗೇರಿನ ಚಿಗುರು, ಹೂಗಳ ರಸ ಹೀರುವ ಟೀ ಸೊಳ್ಳೆಯೆಂಬ ಕೀಟವನ್ನು ನಾಶಮಾಡಲು 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಸಿಂಪಡಣೆಗೆ ಮುನ್ನ ನೀರಿನ ನೆಲೆಗಳನ್ನು ಮುಚ್ಚಬೇಕೆಂಬುದು ನಿಯಮ. ಆದರೆ ಹರಿಯುವ ತೋಡನ್ನು ಮುಚ್ಚುವವರಾರು? ಗುಡ್ಡವನ್ನೇ ಹೊದಿಸುವ ಬಟ್ಟೆ ಯಾರಲ್ಲಿದೆ?

ಗಾಳಿಯಲ್ಲಿ ತೇಲಿದ ವಿಷ ಕೀಟವೊಂದನ್ನೇ ಅರಸಿಕೊಂಡು ಹೋಗಲಿಲ್ಲ. ಎಲೆಯಿಂದ ಮಣ್ಣಿಗೆ, ಮಣ್ಣಿನಿಂದ ಮಳೆನೀರಿನೊಡನೆ ಕಣಿವೆಗೆ ಇಳಿಯಿತು. ಮಣ್ಣಿನ ಸೂಕ್ಷ್ಮಜೀವಿಗಳು ಎಂಡೋಸಲ್ಫಾನನ್ನು ಒಡೆದರೂ ಅದರಿಂದ ಹುಟ್ಟುವ ಎಂಡೋಸಲ್ಫಾನ್ ಸಲ್ಫೇಟ್ ಮೂಲವಸ್ತುವಿನಷ್ಟೇ ವಿಷಕರ. ಬಾಳಿಕೆಯಲ್ಲಿ ಅದಕ್ಕಿಂತ ಹೆಚ್ಚು. ಜೇನುನೊಣಗಳೂ ಮೀನುಗಳೂ ಸತ್ತುದನ್ನು ಊರವರು ಕಂಡರು. ವಿಕಲಾಂಗವಾಗಿ ಹುಟ್ಟಿದ ಕರುಗಳನ್ನು ಕಂಡು ಪತ್ರಕರ್ತ ಶ್ರೀಪಡ್ರೆಯವರು ಮೊದಲಲ್ಲೇ ಲೇಖನಿ ಎತ್ತಿದರು. ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ಒಂದೇ ಪ್ರದೇಶದಲ್ಲಿ ನರರೋಗ, ಬುದ್ಧಿಮಾಂದ್ಯ, ಕ್ಯಾನ್ಸರುಗಳು ಗುಂಪುಗೂಡಿರುವುದನ್ನು ಗುರುತಿಸಿದರು. ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನವು, ಸಿಂಪಡಣೆ ನಿಂತು ತಿಂಗಳುಗಳು ಕಳೆದಿದ್ದರೂ ಇಲ್ಲಿನ ಬಾಲಕರ ರಕ್ತದಲ್ಲಿ ವಿಷದ ಅಂಶವಿದ್ದುದನ್ನೂ ಅವರ ಪ್ರಾಯಪ್ರವೇಶ ತಡವಾಗುತ್ತಿದ್ದುದನ್ನೂ ತೋರಿಸಿತು. ಗಡಿಯ ಈಚೆ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳ ಸುತ್ತಲಿನ ಗೇರುತೋಟಗಳಿಗೂ ಇದೇ ವಿಷವನ್ನು ಸಿಂಪಡಿಸಲಾಗಿತ್ತು. ಅಲ್ಲಿಯೂ ಅದೇ ಗೋಳು.

2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದೇ ವರ್ಷದ ಮೇ 13ರಂದು ಭಾರತದ ಸರ್ವೋಚ್ಚ ನ್ಯಾಯಾಲಯ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶಾದ್ಯಂತ ತಡೆಯಿತು. 2017ರಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆಜ್ಞಾಪಿಸಿತು.

ಹೊಲಕ್ಕೆ ಬೇಲಿಯುಂಟು, ವಿಷಕ್ಕೆ ಬೇಲಿಯಿಲ್ಲ. ಔಷಧವೆಂಬ ಹೆಸರಿನಲ್ಲಿ ಅಂಗಡಿಯಿಂದ ಬರುವ ಡಬ್ಬಿಯನ್ನು ತೆರೆಯುವ ಮುನ್ನ, ಮಳೆ ಬಂದಾಗ ಆ ಮಣ್ಣಿನ ನೀರು ಯಾರ ಮನೆಯ ಕೊಡವನ್ನು ತುಂಬುವುದೆಂದು ಒಮ್ಮೆ ಯೋಚಿಸುವುದು ರೈತನಿಗೂ ಸರಕಾರಕ್ಕೂ ಸಮಾನವಾದ ಕರ್ತವ್ಯ. ಹೆಲಿಕಾಪ್ಟರಿನ ಸದ್ದು ಅಡಗಿ ಕಾಲು ಶತಮಾನವಾಗಿದ್ದರೂ, ಆ ಕಣಿವೆಗಳಲ್ಲಿ ವಯಸ್ಸಿಗೆ ಬಂದ ಮಕ್ಕಳಿಗೆ ಇಂದಿಗೂ ಕೈತುತ್ತು ಉಣಿಸುವ ತಾಯಂದಿರಿದ್ದಾರೆ.